ದನದ ವೀರಪ್ಪನ ಮುಂದೆ ಕೂತು ಕಲಿತದ್ದು

ನಮ್ಮ ತಾಯಿಯ ತವರೂರು ಹಾನಗಲ್ಲ ಕಡೆ. ಊರ ಅಗಸೆ ದಾಟಿದರೆ ಒಂದು ಬೇವಿನ ಮರ, ಅದರ ಕೆಳಗೆ ಸಿಮೆಂಟ್ ಕಟ್ಟೆ, ಕಟ್ಟೆಯೊಳಗೆ ನೆಟ್ಟಗೆ ನಿಂತ ಒಂದು ಕಲ್ಲು. ಎಣ್ಣೆ ಹಚ್ಚಿ ಹಚ್ಚಿ ಕಪ್ಪಗೆ ಮಿಂಚುತ್ತದೆ. ಊರವರು ಅದಕ್ಕೆ ದನದ ವೀರಪ್ಪ ಅನ್ನುತ್ತಾರೆ. ಸಣ್ಣವಳಿದ್ದಾಗ ಸೂಟಿಗೆ ಹೋದಾಗಲೆಲ್ಲ ಆ ಕಟ್ಟೆಯ ಮೇಲೇ ನಮ್ಮ ಆಟ. ಅದು ವೀರಗಲ್ಲು ಅಂತ ಗೊತ್ತಾಗಿದ್ದು ಮಾತ್ರ ಧಾರವಾಡದಲ್ಲಿ ಎಂ.ಎ. ಓದುವಾಗ.

ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಚಿತ್ರ ತೆಗೆಯೋದನ್ನು ಹೊಟ್ಟೆಪಾಡಿಗೆ ಕಲಿತೆ. ಬೇರೆಯವರು ತೆಗೆದ ಚಿತ್ರವನ್ನು, ಕೆತ್ತಿದ ಕಲ್ಲನ್ನು ಓದೋದು ಹೇಗೆ ಅನ್ನುವ ಹುಚ್ಚು ಆಮೇಲೆ ಹತ್ತಿತು. ಈ ಹುಚ್ಚಿಗೆ ಧಾರವಾಡ ಒಳ್ಳೆಯ ಜಾಗ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಇತಿಹಾಸಕಾರ ಷ. ಶೆಟ್ಟರ್ ಅವರು ಜರ್ಮನಿಯ ವಿದ್ವಾಂಸ ಸೊಂಥೈಮರ್ ಜೊತೆ ಸೇರಿ 1982ರಲ್ಲಿ ಸ್ಮಾರಕ ಶಿಲೆಗಳ ಮೇಲೆ ತಂದ ಸಂಪುಟ ಇಲ್ಲಿಯದೇ. ನಾನು ದಿನಾ ನೋಡಿದ ಕಲ್ಲಿನ ಬಗ್ಗೆ ಇಷ್ಟೊಂದು ಜನ ತಲೆ ಕೆಡಿಸಿಕೊಂಡಿದ್ದಾರಾ ಅಂತ ಅವತ್ತು ಆಶ್ಚರ್ಯ ಆಗಿತ್ತು.

ಕ್ಲಾಸಿನಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದು ಚಿತ್ರ ಓದೋದಕ್ಕೆ ಪನೋಫ್ಸ್ಕಿ ಹೇಳಿದ ಮೂರು ಹಂತ. ಪನೋಫ್ಸ್ಕಿ ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಕಲಾ ಇತಿಹಾಸಕಾರ. 1939ರಲ್ಲಿ ಅವನು ಕೊಟ್ಟ ಉದಾಹರಣೆ ತುಂಬಾ ಸರಳ. ಪರಿಚಯದವನೊಬ್ಬ ರಸ್ತೆಯಲ್ಲಿ ಎದುರಾಗಿ ಟೋಪಿ ಎತ್ತುತ್ತಾನೆ. ಮೊದಲು ಕಣ್ಣಿಗೆ ಬೀಳೋದು ಒಂದು ಆಕಾರ ಅಲುಗಾಡಿದ್ದು, ಅಷ್ಟೇ. ಅದು ನಮಸ್ಕಾರ ಅಂತ ತಿಳಿಯೋದು ಎರಡನೆಯದು. ಇವನು ಎಂಥವನು, ಯಾವ ಕಾಲದವನು, ಯಾವ ಥರದ ಮನೆಯಲ್ಲಿ ಬೆಳೆದವನು ಅಂತ ಅದೇ ಒಂದು ಚಲನೆಯಿಂದ ತಿಳಿಯೋದು ಮೂರನೆಯದು.

ನನ್ನ ಮಕ್ಕಳಿಗೆ ಟೋಪಿ ಅಂದರೆ ಏನೂ ಹತ್ತೋದಿಲ್ಲ. ಅದಕ್ಕೆ ನಾನು ಟವೆಲ್ಲಿನ ಕಥೆ ಹೇಳುತ್ತೇನೆ. ಒಬ್ಬ ಮುದುಕ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬಟ್ಟೆ ಜಾಗ ಬದಲಾಯಿಸಿತು, ಇದು ಒಂದು. ಅದು ಮರ್ಯಾದೆ ಕೊಟ್ಟಿದ್ದು, ಇದು ಎರಡು. ಯಾರು ಯಾರ ಎದುರು ಟವೆಲ್ ಇಳಿಸಬೇಕಿತ್ತು, ಯಾಕೆ ಇಳಿಸಬೇಕಿತ್ತು ಅಂತ ಕೇಳಿದರೆ ಇಡೀ ಊರಿನ ಕಥೆಯೇ ಹೊರಗೆ ಬರುತ್ತದೆ. ಇದು ಮೂರು.

ಹೇಳೋದು ಸುಲಭ. ನಾನೇ ಮೊದಲನೇ ಹಂತವನ್ನು ಹಾರಿಸಿ ಮುಗ್ಗರಿಸಿದ್ದೇನೆ.

ಎಂ.ಎ. ಎರಡನೇ ವರ್ಷ ಪ್ರಬಂಧಕ್ಕೆ ನಮ್ಮ ವೀರಪ್ಪನನ್ನೇ ಆರಿಸಿಕೊಂಡೆ. ಒಂದು ದಿನ ಬೆಳಿಗ್ಗೆ ಹೋಗಿ ಫೋಟೋ ಹೊಡೆದುಕೊಂಡು, ಒಂದು ಸ್ಕೆಚ್ ಮಾಡಿಕೊಂಡು ಬಂದೆ. ವೀರಗಲ್ಲಿನ ಸೂತ್ರ ನನಗೆ ಆಗಲೇ ಬಾಯಿಪಾಠ ಆಗಿತ್ತು. ಮೂರು ಪಟ್ಟಿಕೆ, ಅಂದರೆ ಒಂದರ ಮೇಲೊಂದು ಕೆತ್ತಿದ ಚಿತ್ರದ ಅಡ್ಡ ಸಾಲು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುತ್ತಾನೆ. ಅಲ್ಲಿ ಲಿಂಗ ಇದ್ದರೆ ಶೈವ, ಜಿನ ಇದ್ದರೆ ಜೈನ. ತುದಿಗೆ ಸೂರ್ಯ ಚಂದ್ರ. ಅವು ಇರುವವರೆಗೆ ಇವನ ಹೆಸರೂ ಇರಲಿ ಅಂತ.

ನಮ್ಮ ಕಲ್ಲಿನಲ್ಲಿ ಎಲ್ಲವೂ ಇದ್ದವು. ಅಕ್ಷರ ಮಾತ್ರ ಇರಲಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕುದುರೆ ಇತ್ತು, ಬಿಲ್ಲು ಹಿಡಿದವರು ಇದ್ದರು. ಹಾಗಾಗಿ ಗಡಿ ಕಾಳಗದಲ್ಲಿ ಸತ್ತ ಯೋಧ ಅಂತ ಬರೆದುಬಿಟ್ಟೆ. ಒಂದು ವಿಚಾರ ಸಂಕಿರಣದಲ್ಲಿ ಓದಿಯೂ ಓದಿದೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಊರಾಗ ಇದಕ್ಕ ಏನಂತಾರವಾ?" ದನದ ವೀರಪ್ಪ ಅಂದೆ. "ಮತ್ತ ದನ ಎಲ್ಲಿ?" ಅಂದರು. "ಅದು ಜನರ ನಂಬಿಕೆ ಸರ್" ಅಂದೆ. ಅವರು ಏನೂ ಮಾತಾಡಲಿಲ್ಲ, ತಲೆ ಬಗ್ಗಿಸಿ ಏನೋ ಬರೆದುಕೊಂಡರು. ಆ ಬರೆದುಕೊಂಡಿದ್ದೇ ನನ್ನನ್ನು ತಿಂಗಳುಗಟ್ಟಲೆ ಕಾಡಿತು.

ಹಂಗಾಗಿ ಮತ್ತೆ ಹೋದೆ. ಈ ಸಲ ಪುಸ್ತಕ ಒಯ್ಯಲಿಲ್ಲ. ಡ್ರಾಯಿಂಗ್ ಶೀಟ್, ಪೆನ್ಸಿಲ್, ಅಳತೆ ಟೇಪು, ಒಂದು ಬ್ಯಾಟರಿ. ಹೋದ ಮೇಲೆ ಗೊತ್ತಾದ ಮೊದಲ ವಿಷಯ, ನಾನು ಫೋಟೋ ಹೊಡೆದ ಹೊತ್ತೇ ತಪ್ಪು. ಕಲ್ಲು ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಎಳೆ ಬಿಸಿಲು ಅದರ ಮೇಲೆ ನೇರ ಬೀಳುತ್ತದೆ, ಉಬ್ಬು ತಗ್ಗು ಒಂದೂ ತಿಳಿಯೋದಿಲ್ಲ. ಹನ್ನೊಂದೂವರೆ ಸುಮಾರಿಗೆ ಬಿಸಿಲು ಮೇಲಿನಿಂದ ಕಲ್ಲನ್ನು ಸವರಿಕೊಂಡು ಇಳಿಯುತ್ತದಲ್ಲ, ಆಗ ಸವೆದ ಗೆರೆಯೂ ಎದ್ದು ನಿಲ್ಲುತ್ತದೆ. ಕತ್ತಲಾದ ಮೇಲೆ ಬ್ಯಾಟರಿಯನ್ನು ಪಕ್ಕದಿಂದ, ಕಲ್ಲಿಗೆ ತಾಗಿಸಿದಂತೆ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕೆಲವರು ಗೆರೆ ಕಾಣಲಿ ಅಂತ ಸುಣ್ಣದ ಕಡ್ಡಿ ತಿಕ್ಕುತ್ತಾರೆ. ದಯವಿಟ್ಟು ಬೇಡ. ಕಲ್ಲೂ ಹಾಳು, ಊರವರ ವಿಶ್ವಾಸವೂ ಹಾಳು.

ಮೂರು ದಿನ ಕೂತು ಚಿತ್ರ ತೆಗೆದೆ. ಹೆಸರು ಹಾಕೋದಿಲ್ಲ ಅಂತ ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ. "ವೀರ", "ಅಪ್ಸರೆ" ಅಂತ ಬರೆಯೋ ಹಾಗಿಲ್ಲ. "ದೊಡ್ಡ ಗಂಡಸು, ಬಲಗೈ ಮೇಲೆ", "ಹೆಂಗಸು, ಎಡಗಾಲು ಮಡಚಿದೆ" ಅಂತಷ್ಟೇ. ಪೂರ್ತಿ ಬೇಜಾರಿನ ಕೆಲಸ. ಆದರೆ ಎರಡನೇ ದಿನ ಕಲ್ಲು ಮಾತಾಡಲು ಶುರು ಮಾಡಿತು. ಕೆಳಗಿನ ಪಟ್ಟಿಕೆಯಲ್ಲಿ ಕಾಲಿಡಲು ಜಾಗ ಇಲ್ಲ, ಕೈ ಕಾಲು ಬಾಣ ಎಲ್ಲ ಓರೆ ಗೆರೆಗಳು. ನಡುವಿನದರಲ್ಲಿ ಗೆರೆ ಬಾಗಿ ಮೆತ್ತಗಾಗುತ್ತದೆ. ಮೇಲಿನದರಲ್ಲಿ ಎಲ್ಲವೂ ನೆಟ್ಟಗೆ, ಎರಡು ಪಕ್ಕಕ್ಕೂ ಸಮ, ನಡುವೆ ಬೇಕಾದಷ್ಟು ಖಾಲಿ ಜಾಗ. ಗದ್ದಲದಿಂದ ಮೌನಕ್ಕೆ ಹತ್ತಿದ ಹಾಗೆ. ಅಪ್ಸರೆ, ಕೈಲಾಸ ಏನೂ ಗೊತ್ತಿಲ್ಲದವನಿಗೂ ಇಷ್ಟು ಗೆರೆಯಿಂದಲೇ ತಿಳಿಯುತ್ತದೆ. ಕಲಾ ಇತಿಹಾಸಕಾರ ವೋಲ್ಫ್ಲಿನ್ 1915ರಲ್ಲಿ ಬರೆದ ರೂಪದ ವಿಶ್ಲೇಷಣೆಯನ್ನು, ಅಂದರೆ ಕಥೆ ಬಿಟ್ಟು ಗೆರೆ ಆಕಾರಗಳನ್ನೇ ನೋಡುವ ಓದನ್ನು, ಓದುವಾಗ ನನಗೆ ಆಕಳಿಕೆ ಬರುತ್ತಿತ್ತು. ಆ ದಿನ ಅವನ ಮೇಲಿನ ಸಿಟ್ಟು ಇಳಿಯಿತು.

ಕಾಲ ಹೇಳೋದಕ್ಕೆ ಲಕ್ಕುಂಡಿಗೆ ಹೋದೆ. ಗದಗಿನಿಂದ ಹತ್ತಿರ, ಅಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ, ಕಾಶಿವಿಶ್ವೇಶ್ವರ ಗುಡಿ ಇದೆ. ಬಳಪದ ಕಲ್ಲಿನ ಮೆತ್ತಗಿನ ಕೆತ್ತನೆ ನೋಡಿ ಕಣ್ಣು ಪಳಗುತ್ತದೆ. ಇಟಲಿಯ ಕಲಾ ವಿಮರ್ಶಕ ಮೊರೆಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಒಂದು ಉಪಾಯ ಹೇಳಿದ್ದ: ಕಲಾವಿದ ಗಮನ ಇಲ್ಲದೆ ಮಾಡುವ ಕಿವಿ, ಉಗುರು ನೋಡಿದರೆ ಅದು ಯಾರ ಕೈ ಅಂತ ಗೊತ್ತಾಗುತ್ತದೆ ಅಂತ. ನಾನು ಕುದುರೆಯ ಕಿವಿಗಳನ್ನು ಹೋಲಿಸುತ್ತಾ ಒಂದು ವಾರ ಕಳೆದೆ. ಸುಮ್ನೆ ಹೇಳುತ್ತೇನೆ, ನಮ್ಮ ಕಲ್ಲುಗಳಿಗೆ ಇದು ಅರ್ಧಕ್ಕರ್ಧ ಕೂಡೋದಿಲ್ಲ. ಇಲ್ಲಿ ಕೆಲಸ ಮಾಡಿದ್ದು ತಂಡ. ಒಬ್ಬನ ಉಳಿ ಮುಖ ಮಾಡಿದರೆ ಇನ್ನೊಬ್ಬನದು ಆಭರಣ ಮಾಡಿರಬಹುದು. ಹನ್ನೆರಡನೇ ಶತಮಾನದ ಆಚೀಚೆ ಅಂತ ಬರೆದು ಸುಮ್ಮನಾದೆ.

ಮೂರನೇ ದಿನದ ಮಧ್ಯಾಹ್ನ ಒಬ್ಬ ಅಜ್ಜಿ ಎಣ್ಣೆ ಬಟ್ಟಲು ಹಿಡಿದು ಬಂದಳು. ನನ್ನ ಪಕ್ಕ ಕೂತು ಶೀಟನ್ನೇ ನೋಡಿದಳು.

"ಏನ್ ತೆಗೀಲಿಕ್ಕತ್ತೀ ತಂಗೀ?"

"ವೀರಪ್ಪನ ಚಿತ್ರ ಅಜ್ಜೀ."

"ಮತ್ತ ದನ ಎಲ್ಲಿ ಅದಾವ?"

ಎರಡನೇ ಸಲ ಅದೇ ಪ್ರಶ್ನೆ. "ಕಲ್ಲಿನಾಗ ದನ ಇಲ್ಲಲ್ಲ ಅಜ್ಜೀ" ಅಂದೆ. ಅಜ್ಜಿ ನಕ್ಕುಬಿಟ್ಟಳು. "ಕಟ್ಟಿ ಕಟ್ಟಿದಾಗ ಒಳಗ ಹೋದ್ವಲ್ಲ. ನಾ ಸಣ್ಣಾಕಿ ಇದ್ದಾಗ ಕೆಳಗ ಸಾಲಾಗಿ ದನ ಇದ್ದು. ನಾವು ಕೈ ಆಡಿಸಿದ್ರ ನಮ್ಮವ್ವ ಬೈತಿದ್ಲು."

ನಾನು ಶೀಟ್ ನೋಡಿದೆ. ಕಟ್ಟೆಯ ಅಂಚಿಗೆ ಸರಿಯಾಗಿ, ಕುದುರೆಯ ಕಾಲಿನ ಹಿಂದೆ, ಬಾಗಿದ ಗೆರೆಗಳನ್ನು ನಾನೇ ತೆಗೆದಿದ್ದೆ. ಎರಡೆರಡು ಜೋಡಿ. ಮೊದಲ ಸಲದ ಸ್ಕೆಚ್‌ನಲ್ಲೂ ಇದ್ದವು. ಅಲ್ಲಿ ಪಕ್ಕದಲ್ಲಿ "ಬಳ್ಳಿ" ಅಂತ ಬರೆದಿದ್ದೆ. ಕಾಳಗದ ನಡುವೆ ಬಳ್ಳಿ ಯಾಕೆ ಬಂತು ಅಂತ ಕೇಳಿಕೊಂಡಿರಲಿಲ್ಲ. ಅವು ಕೊಂಬು. ಮೈಯೆಲ್ಲ ಸಿಮೆಂಟಿನ ಕೆಳಗೆ, ಕೊಂಬಿನ ತುದಿ ಮಾತ್ರ ಮೇಲೆ.

ಅಂದರೆ ಇದು ಗಡಿ ಕಾಳಗ ಅಲ್ಲ, ತುರುಗೊಳ್, ದನಗಳ ಲೂಟಿ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಅದು. ನಮ್ಮ ವೀರಪ್ಪ ಊರಿನ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಹೋಗಿ, ಬಿಡಿಸಿಕೊಂಡು ಬರುವಾಗ ಸತ್ತವನು. ಈ ಒಂದು ಬದಲಾವಣೆಗೆ ಕಲ್ಲೇ ಬೇರೆ ಆಯಿತು. ಗಡಿ ಯೋಧ ಆಗಿದ್ದರೆ ಅವನನ್ನು ನೆನೆಯಬೇಕಾದವನು ಅರಸ. ದನ ಉಳಿಸಿದವನಾದರೆ ಊರು. ಕಲ್ಲಿಗೆ ದುಡ್ಡು ಕೊಟ್ಟವರು ಯಾರು, ಇಲ್ಲಿಯವರೆಗೆ ಎಣ್ಣೆ ಹಚ್ಚಿದವರು ಯಾಕೆ ಹಚ್ಚಿದರು ಅನ್ನುವ ಪ್ರಶ್ನೆಗಳೆಲ್ಲ ಆಗ ಜಾಗಕ್ಕೆ ಬಂದು ಕೂತವು. ಹೀಗೆ ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಡುವ ಪದ್ಧತಿ ಇತ್ತು, ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು. ಆ ಮಾತನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲ ಕೊಟ್ರ ಆತೇನು, ಆಕಿ ಗತಿ?" ಅಂದಳು.

ಆಕೆ ಅಂದರೆ ಹೆಂಡತಿ. ಅವಳು ಈ ಕಲ್ಲಿನಲ್ಲಿ ಎಲ್ಲೂ ಇಲ್ಲ. ನಡುವಿನ ಪಟ್ಟಿಕೆಯಲ್ಲಿ ಇರೋದು ಅಪ್ಸರೆಯರು. ವೀರಗಲ್ಲುಗಳ ಮೇಲೆ ಸಿಗುವ ಪ್ರಸಿದ್ಧ ಶ್ಲೋಕ ಒಂದಿದೆ: "ಜಿತೇನ ಲಭ್ಯತೇ ಲಕ್ಷ್ಮೀರ್ಮೃತೇನಾಪಿ ಸುರಾಂಗನಾ." ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು. ಕಲ್ಲಿನ ನಡುವಿನ ಪಟ್ಟಿಕೆ ಅಂದರೆ ಈ ಶ್ಲೋಕದ ಚಿತ್ರವೇ. ಇದನ್ನು ಎಷ್ಟು ಸಲ ಉತ್ಸಾಹದಿಂದ ಓದಿದ್ದೆನೋ, ಮನೆಯಲ್ಲಿ ಉಳಿದವಳ ಕಡೆಯಿಂದ ಒಂದು ಸಲವೂ ಓದಿರಲಿಲ್ಲ. ಆಮೇಲೆ ಮಾಸ್ತಿಕಲ್ಲುಗಳನ್ನು, ಅಂದರೆ ಗಂಡನ ಜೊತೆ ಸತಿಹೋದವಳ ನೆನಪಿಗೆ ನಿಲ್ಲಿಸಿದ ಕಲ್ಲುಗಳನ್ನು, ನೋಡಲು ಶುರು ಮಾಡಿದೆ. ಕಂಬದಿಂದ ಹೊರಬಂದ, ಮೊಣಕೈ ಮಡಚಿ ಮೇಲೆತ್ತಿದ ಒಂದು ಕೈ. ಬಳೆಗಳು ಹಾಗೇ ಇವೆ, ಅಂದರೆ ಮುತ್ತೈದೆಯಾಗಿಯೇ ಹೋದಳು ಅಂತ. ಗಂಡಸಿಗೆ ಮೂರು ಪಟ್ಟಿಕೆ, ಕುದುರೆ, ಕೈಲಾಸ. ಅವಳಿಗೆ ಎಷ್ಟೋ ಕಡೆ ಒಂದು ಕೈ. ಲಕ್ಷಣ ಗುರುತಿಸಿ ಮುಂದೆ ಹೋಗುವ ಓದು ಈ ಲೆಕ್ಕವನ್ನು ಕೇಳೋದಿಲ್ಲ. ಸ್ತ್ರೀವಾದಿ ಓದು ಕೇಳುತ್ತದೆ. ಅದನ್ನು ನನಗೆ ಕಲಿಸಿದ್ದು ಕ್ಲಾಸಲ್ಲ, ಅಜ್ಜಿಯ ಆ ಮೂರು ಮಾತು.

ಕಟ್ಟೆ ಒಡೆಸಿ ನೋಡೋಣ ಅಂತ ಗೆಳೆಯರು ಹೇಳುತ್ತಾರೆ. ನನಗೆ ಮನಸ್ಸಿಲ್ಲ. ಸಿಮೆಂಟ್ ಒಡೆಯುವಾಗ ಕಲ್ಲಿಗೆ ಪೆಟ್ಟು ಬೀಳಬಹುದು. ಅದೂ ಅಲ್ಲದೆ ಕಟ್ಟೆ ಊರಿನದು, ನನ್ನ ಪ್ರಬಂಧದ್ದಲ್ಲ. ಹೊಸ ಚಿತ್ರದಲ್ಲಿ ಸಿಮೆಂಟಿನ ಗೆರೆ ಎಳೆದು ಅದರ ಕೆಳಗೆ ಖಾಲಿ ಬಿಟ್ಟಿದ್ದೇನೆ, "ಇಲ್ಲಿ ದನ ಇದ್ದವು ಎಂದು ಊರಿನ ಹಿರಿಯರ ಮಾತು" ಅಂತ ಬರೆದು. ಹಳೆಯ ಸ್ಕೆಚ್ಚನ್ನೂ ಎಸೆದಿಲ್ಲ. ಅದರಲ್ಲಿ "ಬಳ್ಳಿ" ಅಂತ ಬರೆದದ್ದು ಹಾಗೇ ಇದೆ. ಅಳಿಸಿಲ್ಲ, ಪಕ್ಕದಲ್ಲಿ ಕೆಂಪು ಪೆನ್ನಿನಿಂದ "ಕೊಂಬು" ಅಂತ ಬರೆದಿದ್ದೇನೆ.