ಅಳುವುದಕ್ಕೂ ಜಾಗ ಬೇಕು, ಬಾಳುವುದಕ್ಕೂ

ಕಲಬುರಗಿಯಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ದುಃಖ ತಡಕೊಳ್ಳಕ ಆಗವಲ್ದು ಎಂದು ಬಾಯಿಬಿಟ್ಟು ಹೇಳಿಕೊಂಡು ಬರುವವರು ಕಡಿಮೆ. ಎದಿ ಉರಿತದ, ಕೈಕಾಲು ಹರಿತಾವ, ನಿದ್ದಿ ಹತ್ತವಲ್ದು ಅನ್ನುತ್ತ ಬರುತ್ತಾರೆ. ಇಸಿಜಿ, ರಕ್ತಪರೀಕ್ಷೆ ಎಲ್ಲ ಮುಗಿದಿರುತ್ತದೆ, ಫೈಲು ಮಡಿಲಲ್ಲೇ ಇರುತ್ತದೆ. "ಮನ್ಯಾಗ ಯಾರರೆ ತೀರಿಕೊಂಡಾರೇನ್ರಿ?" ಎಂದು ಕೇಳಿದ ಮೇಲೆಯೇ ನಿಜವಾದ ಮಾತು ಶುರುವಾಗುವುದು.

ದುಃಖಕ್ಕೆ ಐದು ಹಂತ ಎಂದು ಬಹಳ ಮಂದಿ ಓದಿಕೊಂಡು ಬರುತ್ತಾರೆ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವು ಹತ್ತಿರವಾಗಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರ ದುಃಖ ಹಾಗೆ ಸಾಲಾಗಿ ಬರುವುದನ್ನು ನಾನಂತೂ ಕಂಡಿಲ್ಲ. ನನಗೆ ದಾರಿ ತೋರಿಸಿದ್ದು ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ್, ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿಚಾರ. ಮನಸ್ಸು ಒಮ್ಮೆ ಹೋದವರ ಕಡೆ ಎಳೆಯುತ್ತದೆ, ಒಮ್ಮೆ ಉಳಿದ ಬಾಳಿನ ಕಡೆ. ಹೀಗೆ ಹೋಗಿಬಂದು ಮಾಡುತ್ತಲೇ ಮನುಷ್ಯ ಚೇತರಿಸಿಕೊಳ್ಳುತ್ತಾನೆ. ಯಾವುದಾದರೂ ಒಂದು ಕಡೆಯೇ ಸಿಕ್ಕಿಬಿದ್ದರೆ ಕಷ್ಟ.

ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಆಕೆ ಒಪ್ಪಿದ್ದಾಳೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗಂಡ ತೊಗರಿ ಹೊಲದಲ್ಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡಿದ್ದ. ಮಣ್ಣಾದ ದಿನದಿಂದ ಆಕೆ ಅತ್ತೇ ಇರಲಿಲ್ಲ. "ಮಕ್ಕಳ ಮಾರಿ ನೋಡಿ ಗಟ್ಟಿ ಆಗು" ಎಂದು ಅತ್ತೆ ಹೇಳಿದ್ದರು, ಆಕೆ ಹಾಗೇ ಇದ್ದಳು.

ಆ ದಿನ ಮುಂಜಾನೆಯಿಂದ ಹೇಳವ್ವಾ ಎಂದೆ. ಅವಸರ ಮಾಡಲಿಲ್ಲ. ಏನು ಉಂಡು ಹೋದರು, ಬುತ್ತಿ ಯಾರು ಕಟ್ಟಿದರು, ಸುದ್ದಿ ಯಾರು ತಂದರು. ಸುದ್ದಿ ತಂದ ಹುಡುಗನ ಮಾತು ಬಂದಾಗ ದನಿ ಏರಿತು, ರಾಗ ಹಿಡಿಯಿತು. ನಮ್ಮ ಕಡೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರಲ್ಲ, ಹಾಗೆ. ಗಂಡನ ಗುಣ, ಅವನು ಬಿಟ್ಟುಹೋದ ಎತ್ತು, ನೆಟೆ ರೋಗ ಹಾಯ್ದು ಒಣಗಿದ ತೊಗರಿ, ಮಗಳ ಮದುವೆ, ಎಲ್ಲ ಆ ಅಳುವಿನೊಳಗೆ ಬಂತು. ನಾನು ನೀರು ಕೊಡಲಿಲ್ಲ, ಸಮಾಧಾನ ಮಾಡಲಿಲ್ಲ. ಹೊರಗೆ ಕೂತಿದ್ದ ಅತ್ತೆ ಸುಮ್ಮನಿರಿಸಲೆಂದು ಒಳಗೆ ಬಂದವರು ಬಾಗಿಲಲ್ಲೇ ನಿಂತರು. ಆಮೇಲೆ ಸೊಸೆಯ ಮಗ್ಗುಲಲ್ಲಿ ಕೂತು ತಾವೂ ದನಿಗೂಡಿಸಿದರು. ಮಗನನ್ನು ಕಳಕೊಂಡ ಆ ತಾಯಿಯನ್ನೂ ಅಲ್ಲಿಯ ತನಕ ಯಾರೂ ಅಳಗೊಟ್ಟಿರಲಿಲ್ಲ. ಅಂದಿನಿಂದ ಇಬ್ಬರನ್ನೂ ಜೊತೆಗೇ ಕರೆದೆ.

ಇನ್ನೊಂದು ಕಡೆಯ, ಅಂದರೆ ಉಳಿದ ಬಾಳಿನ ಕಡೆಯ ಕೆಲಸಕ್ಕೆ ದಾರಿಯಾದದ್ದು ಗಂಡನ ಲೆಕ್ಕದ ಪುಸ್ತಕ. ಅಡತಿ ಅಂಗಡಿಯ ಬಾಕಿ, ಬೀಜ, ಗೊಬ್ಬರ, ಕೂಲಿ, ಕೈಗಡ ಎಲ್ಲ ಅದರಲ್ಲಿತ್ತು. ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. "ನಂಗ ಓದಾಕ ಬರಂಗಿಲ್ರಿ ಅಕ್ಕಾರ, ಖರೆ ಅವರ ಅಕ್ಷರ ಗುರ್ತ ಸಿಗ್ತದ" ಎಂದಳು. ಪುಸ್ತಕ ತರಿಸಿದೆವು. ಮಗ ಓದಿದ, ನಾವು ಕೇಳಿದೆವು. ಒಂದು ಪುಟದಲ್ಲಿ ಯೂರಿಯಾ ಲೆಕ್ಕದ ಕೆಳಗೆ "ಶರಣಬಸವೇಶ್ವರ ಜಾತ್ರಿ, ಬಳಿ" ಎಂದಿತ್ತು. ನಕ್ಕಳು, ನಗುತ್ತಲೇ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು "ಮುಂದ ಓದು" ಎಂದಳು. ಯಾರಿಗೆ ಎಷ್ಟು ಕೊಡಬೇಕು ಎನ್ನುವುದು ಗೊತ್ತಾದ ಮೇಲೆ ಪೌತಿ ಖಾತೆ (ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಿಧವಾ ವೇತನ, ಬ್ಯಾಂಕು ಒಂದೊಂದಾಗಿ ಹಿಡಿದೆವು. ಒಂದು ಭೇಟಿಗೆ ಒಂದೇ ಕೆಲಸ ಹೇಳುತ್ತೇನೆ. ಎರಡು ಹೇಳಿದರೆ ಎರಡೂ ಆಗುವುದಿಲ್ಲ.

ಮನೆಮನೆಯ ರೀತಿ ನೋಡಿಕೊಂಡೇ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಇದ್ದತ್ತಿನಲ್ಲಿ, ಅಂದರೆ ಶೋಕದ ಅವಧಿಯಲ್ಲಿ ಕೂತ ಮುಸ್ಲಿಂ ಹೆಣ್ಣುಮಕ್ಕಳು ನಾಲ್ಕು ತಿಂಗಳು ಹತ್ತು ದಿನ ಸಾಮಾನ್ಯವಾಗಿ ಹೊಸ್ತಿಲು ದಾಟುವುದಿಲ್ಲ, ಅವರ ಜೊತೆ ಫೋನಿನಲ್ಲೇ ಮಾತಾಡುತ್ತೇನೆ. ಸಣ್ಣ ಮಕ್ಕಳಿಗೆ "ಅಪ್ಪ ಊರಿಗಿ ಹೋಗ್ಯಾನ" ಎಂದು ಹೇಳಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮಗು ದಿನಾ ಬಾಗಿಲು ಕಾಯುತ್ತದೆ. ಅಪ್ಪ ಸತ್ತಿದ್ದಾನೆ, ತಿರುಗಿ ಬರುವುದಿಲ್ಲ, ನಾವು ನಿನ್ನ ಜೊತೆ ಇದ್ದೇವೆ ಎಂದು ಸೀದಾ ಹೇಳಬೇಕು.

ಇದೆಲ್ಲಕ್ಕೂ ಗುಳಿಗೆ ಬೇಕಿಲ್ಲ. ಆದರೆ ತಿಂಗಳುಗಟ್ಟಲೆ ದುಃಖ ಒಂದಿಷ್ಟೂ ಸಡಿಲಾಗದೆ ಉಣ್ಣುವುದು, ದುಡಿಯುವುದೇ ನಿಂತುಹೋದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಇದಕ್ಕೆ ಕನಿಷ್ಠ 6 ತಿಂಗಳ ಗಡುವು ಇಟ್ಟಿದೆ, 2022ರಲ್ಲಿ ಬಂದ ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್ಎಂನ ಪರಿಷ್ಕರಣೆ ದೊಡ್ಡವರಿಗೆ 12 ತಿಂಗಳು. ಆ ಸಮಾಜದ ರೂಢಿಯನ್ನೂ ಲೆಕ್ಕಕ್ಕೆ ತಗೋಬೇಕು ಎಂದು ಎರಡೂ ಹೇಳುತ್ತವೆ. ಜೀವ ಕಳಕೊಳ್ಳುವ ಮಾತಿಗೆ ಮಾತ್ರ ಯಾವ ಗಡುವೂ ಇಲ್ಲ. "ಸಾಯಬೇಕು ಅಂತ ಅನಸ್ತದೇನು?" ಎಂದು ನೇರವಾಗಿ ಕೇಳುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅಂದೇ ಮನೋವೈದ್ಯರ ಹತ್ತಿರ ಕಳಿಸುತ್ತೇನೆ, ಮನೆಯಲ್ಲಿರುವ ಬೆಳೆಯ ಔಷಧಿ ಬೇರೆಯವರ ಕೈಗೆ ಕೊಡಿಸುತ್ತೇನೆ. ರಾತ್ರಿ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಬರೆದುಕೊಡುತ್ತೇನೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈಗ ಜೇವರ್ಗಿಯ ಆ ಮನೆಗೆ ಮೊದಲ ಎಳ್ಳಮಾವಾಸ್ಯೆ ಬರುತ್ತಿದೆ. ವರ್ಷ ತುಂಬುವ ತನಕ ಹಬ್ಬ ಬ್ಯಾಡ, ಆದ್ರ ಹೊಲಕ್ಕ ಚರಗ ತಪ್ಪಸಂಗಿಲ್ಲ ಎಂದರು ಅತ್ತೆ. ಚರಗ ಅಂದರೆ ಹಬ್ಬದ ಅಡುಗೆಯನ್ನು ಭೂಮಿತಾಯಿಗೆಂದು ಹೊಲದಲ್ಲಿ ಚೆಲ್ಲುವುದು. ಅವನು ಬಿದ್ದ ಹೊಲಕ್ಕೇ ಹೋಗಬೇಕು. ಮೂವರೂ ಕೂತು ಮೊದಲೇ ಮಾತಾಡಿಕೊಂಡೆವು: ಭಜ್ಜಿ, ಸಜ್ಜಿ ಕಡಬು ಅತ್ತೆ ಮಾಡುತ್ತಾರೆ, ಚರಗ ಮಗ ಚೆಲ್ಲುತ್ತಾನೆ. ಆಕೆಗೆ ತಡೆಯಲು ಆಗದಿದ್ದರೆ ಮೈದುನ ಗಾಡಿಯಲ್ಲಿ ಮನೆಗೆ ಕರೆದುಕೊಂಡು ಬರುತ್ತಾನೆ, ಯಾರೂ ಏನೂ ಅನ್ನುವಂತಿಲ್ಲ. ಅಮಾವಾಸ್ಯೆ ಕಳೆದ ವಾರಕ್ಕೆ ಮುಂದಿನ ಭೇಟಿ ಇಟ್ಟುಕೊಂಡಿದ್ದೇವೆ.