ಗೋಡೆಗೆ ತಲೆ ಕೊಟ್ಟು ನಿಂತ ಪಗ್: ನನ್ನ ಅನುಭವ

ಚಿನ್ನು ಅನ್ನೋ ಪಗ್ ನಾಯಿಯ ಮೆದುಳಿನ ಉರಿಯೂತಕ್ಕೆ ಚಿಕಿತ್ಸೆ ಶುರು ಮಾಡಿ ಈ ತಿಂಗಳಿಗೆ 16 ತಿಂಗಳಾಯಿತು. "ಪಗ್‌ಗೆ ಈ ಕಾಯಿಲೆ ಬಂತಾ? ಮುಗೀತು, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ" ಅಂದಿದ್ದ ಹಿರಿಯ ಡಾಕ್ಟರೊಬ್ಬರು ಈಗ ಆ ಮಾತೇ ಎತ್ತುವುದಿಲ್ಲ. ಅದಕ್ಕೇ ಬರೆಯೋಣ ಅನ್ನಿಸಿತು.

ನಾನು ಪಶುವೈದ್ಯ, ಓದಿದ್ದು ಬೆಂಗಳೂರಿನ ಹೆಬ್ಬಾಳದಲ್ಲಿ. ಕ್ಲಿನಿಕ್ ಪುಣೆಯ ಕೋಥ್ರೂಡ್‌ನಲ್ಲಿ, ಒಂದೂವರೆ ರೂಮು. ಹಚ್ ಮೊಬೈಲ್ ಕಂಪನಿಯ ಪಗ್ ಜಾಹೀರಾತು ಬಂದ ಮೇಲೆ ಇಲ್ಲಿ ಪಗ್‌ಗೇನೂ ಕಮ್ಮಿ ಇಲ್ಲ. ಪಗ್ ಮೆದುಳಿನ ಈ ಉರಿಯೂತದ ಬಗ್ಗೆ 1989ರಲ್ಲೇ ಕ್ಯಾಲಿಫೋರ್ನಿಯಾದವರು ಬರೆದಿದ್ದರು. ಓದಿದ್ದೆ, ಮರೆತಿದ್ದೆ.

ಮರೆತದ್ದಕ್ಕೆ ಬೆಲೆ ಕೊಟ್ಟಿದ್ದು ಮೊದಲ ನಾಯಿ. ಒಂದೂವರೆ ವರ್ಷದ ಹೆಣ್ಣು, ಎರಡು ಸಲ ಫಿಟ್ಸ್. ನಾನು ಎಪಿಲೆಪ್ಸಿ (ಮೂರ್ಛೆರೋಗ) ಅಂದುಕೊಂಡು ಫಿಟ್ಸ್ ತಡೆಯುವ ಫೀನೋಬಾರ್ಬಿಟಾಲ್ ಹಾಕಿದೆ. ಒಂದೇ ದಿಕ್ಕಿಗೆ ಸುತ್ತುತ್ತಿದೆ ಅಂತ ಮನೆಯವರು ಹೇಳಿದಾಗ ಮಾತ್ರೆಯ ಅಮಲು ಅಂದೆ. ಡೋಸ್ ಬೇರೆ ಏರಿಸಿದೆ. ಮೂರು ವಾರಕ್ಕೆ ಹೋಯಿತು. ಫಿಟ್ಸ್ ಬಿಡುವಿನಲ್ಲಿ ಸರಿಯಾಗಿ ನರಪರೀಕ್ಷೆ ಮಾಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಒಂದು ಕಡೆಯಿಂದ ಕೈ ತಂದರೆ ಅದು ಕಣ್ಣು ಮಿಟುಕಿಸುತ್ತಲೇ ಇರಲಿಲ್ಲ.

ಎರಡನೆಯದಕ್ಕೆ ಜಾಣನಾದೆ ಅಂದುಕೊಂಡು ಸಿಎಸ್‌ಎಫ್ (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ತೆಗೆದೆ. ತೆಗೆದಿದ್ದು ಯಾವತ್ತು? ಅನಂತ ಚತುರ್ದಶಿ! ಪುಣೆಯಲ್ಲಿ ವಿಸರ್ಜನೆ ದಿನ ರಸ್ತೆಗೆ ಇಳಿಯಬಾರದು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಟ್ಯೂಬ್ ಹಿಡಿದ ಹುಡುಗ ಢೋಲ್ ತಾಷಾ ಮಧ್ಯೆ ಸಿಕ್ಕಿಬಿದ್ದ, ಲ್ಯಾಬ್ ಮುಟ್ಟುವಾಗ ನಾಲ್ಕು ಗಂಟೆ ಕಳೆದಿತ್ತು. ರಿಪೋರ್ಟ್‌ನಲ್ಲಿ ಜೀವಕೋಶ ಸೊನ್ನೆ. ಅಷ್ಟು ಹೊತ್ತಿಗೆ ಅವು ಒಡೆದು ಹೋಗಿರುತ್ತವೆ, ಅಲ್ವಾ? ನಾನು ಆ ಸೊನ್ನೆಯನ್ನೇ ನಂಬಿ, ಉರಿಯೂತ ಇಲ್ಲ ಅಂದುಕೊಂಡು ಸ್ಟೀರಾಯ್ಡ್ ತಡ ಮಾಡಿದೆ. ಅದೂ ಉಳಿಯಲಿಲ್ಲ.

ಆಮೇಲೆ ಬಂದವಳು ಚಿನ್ನು. ಮನೆಯವರು ಕುಂದಾಪುರ ಕಡೆಯವರು, ಇಲ್ಲಿ ಹೋಟೆಲ್ ಇದೆ. "ಡಾಕ್ಟ್ರೇ, ಗ್ವಾಡಿಗೆ ತಲಿ ಕೊಟ್ಕಂಡ್ ನಿಂತಿತ್ತ್ ಕಾಣಿ" ಅಂತ ಶೆಟ್ರು ಫೋನಿನಲ್ಲಿ ವಿಡಿಯೋ ತೋರಿಸಿದರು. ರೇಬೀಸ್ ಲಸಿಕೆ ಚೀಟಿ ಮೊದಲು ನೋಡಿದೆ, ಆಮೇಲೆ ಗ್ಲೌಸ್ ಹಾಕಿಕೊಂಡು ಮುಟ್ಟಿದೆ. ಈ ಕ್ರಮ ಯಾವತ್ತೂ ತಪ್ಪಿಸಬೇಡಿ. ಡಿಸ್ಟೆಂಪರ್ (ನಾಯಿಗಳ ಒಂದು ವೈರಸ್ ಕಾಯಿಲೆ), ಉಣ್ಣಿ ಕಚ್ಚಿ ಬರುವ ಜ್ವರ ಎರಡೂ ನೆಗೆಟಿವ್.

ಎಂಆರ್‌ಐ ಮನುಷ್ಯರ ಸೆಂಟರ್‌ನಲ್ಲೇ, ರಾತ್ರಿ ಒಂದೂವರೆಗೆ, ಕೊನೆಯ ಪೇಷೆಂಟ್ ಹೋದ ಮೇಲೆ. ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಬರೆದರೆ ನನ್ನ ಸ್ಲಾಟ್ ಹೋಗುತ್ತದೆ. ಸ್ಕ್ಯಾನ್‌ಗೆ ಎಂಟೋ ಒಂಬತ್ತೋ ಸಾವಿರ, ವಾರ್ಡ್ ಬಾಯ್‌ಗೆ 500, ಕೂದಲು ಬೀಳದಂತೆ ಟೇಬಲ್‌ಗೆ ಎರಡು ಬೆಡ್‌ಶೀಟು ನಮ್ಮದೇ. ಅರಿವಳಿಕೆ ಕೊಡುವ ನನ್ನ ಗ್ಯಾಸ್ ಮೆಷಿನ್ ಒಳಗೆ ತರುವ ಹಾಗಿಲ್ಲ. ಹಾಗಾಗಿ ಉಸಿರಿನ ಟ್ಯೂಬ್ ಹಾಕಿ, ಉದ್ದದ ಎಕ್ಸ್‌ಟೆನ್ಷನ್ ಲೈನ್‌ನಲ್ಲಿ ಸ್ವಲ್ಪ ಸ್ವಲ್ಪವೇ ಪ್ರೊಪೊಫಾಲ್ (ಅರಿವಳಿಕೆ ಮದ್ದು) ಕೊಡುತ್ತಾ, ಸ್ಕ್ಯಾನ್‌ನ ಪ್ರತಿ ಸೀಕ್ವೆನ್ಸ್ ಮುಗಿದಾಗಲೂ ಓಡಿಹೋಗಿ ಎದೆ ಏಳುತ್ತಿದೆಯಾ ನೋಡಿದೆ. ಎಡಗಡೆ ಮೆದುಳಿನಲ್ಲಿ ಬಿಳಿ ಮಚ್ಚೆಗಳು, ಬಲಗಡೆ ಕಡಿಮೆ. ಹರ್ನಿಯೇಷನ್ (ಒತ್ತಡಕ್ಕೆ ಮೆದುಳು ಜಾಗ ಬಿಟ್ಟು ಜಾರುವುದು) ಲಕ್ಷಣ ಇಲ್ಲ ಅಂತ ಗಟ್ಟಿ ಮಾಡಿಕೊಂಡೇ ಟ್ಯಾಪ್‌ಗೆ, ಅಂದರೆ ಸಿಎಸ್‌ಎಫ್ ತೆಗೆಯಲು ಇಳಿದೆ.

ಈ ಸಲ ಮೈಕ್ರೋಸ್ಕೋಪನ್ನೇ ಕಾರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಚಿನ್ನು 8 ಕೆಜಿ, ಒಂದು ಎಂಎಲ್‌ಗಿಂತ ಸ್ವಲ್ಪ ಜಾಸ್ತಿ ತೆಗೆದೆ. ನೇರ ನ್ಯೂಬಾರ್ ಚೇಂಬರ್‌ಗೆ (ಜೀವಕೋಶ ಎಣಿಸುವ ಚೌಕ ಗೀಚಿದ ಗಾಜು), ಡೈಲ್ಯೂಷನ್ ಇಲ್ಲದೆ. ಒಂಬತ್ತು ದೊಡ್ಡ ಚೌಕ ಎಣಿಸಿ 1.1ರಿಂದ ಗುಣಿಸಿದರೆ ಮುಗೀತು. ಮೈಕ್ರೋಲೀಟರ್‌ಗೆ ಐದರೊಳಗೆ ಇರಬೇಕಿತ್ತು, ಬಂದದ್ದು 130ರ ಹತ್ತಿರ. ಟ್ಯಾಪ್ ಆಗಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಜೀವಕೋಶ ಯಾವುದು ಅಂತ ನೋಡಲು ಸೈಟೋಸ್ಪಿನ್ (ಜೀವಕೋಶಗಳನ್ನು ಸ್ಲೈಡ್ ಮೇಲೆ ಕೂರಿಸುವ ಯಂತ್ರ) ಕೊಳ್ಳುವ ತಾಕತ್ತು ನನಗಿಲ್ಲ. ಸಿರಿಂಜ್‌ನ ಕೊಳವೆ ಕತ್ತರಿಸಿ, ಬುಡಕ್ಕೆ ವ್ಯಾಸಲೀನ್ ಹಚ್ಚಿ ಸ್ಲೈಡ್ ಮೇಲೆ ನಿಲ್ಲಿಸಿದೆ. ಒಳಗೆ ಸಿಎಸ್‌ಎಫ್ ಬಿಟ್ಟು ಅರ್ಧ ಗಂಟೆ ಅಲುಗಾಡಿಸದೆ ಇಟ್ಟು, ಮೇಲಿನ ನೀರನ್ನು ಮೆಲ್ಲಗೆ ತೆಗೆದು ಲೀಶ್‌ಮನ್ ಬಣ್ಣ ಹಾಕಿದೆ. ಮೊದಲ ಐದಾರು ಸ್ಲೈಡ್ ಸೋರಿ ಹಾಳಾದವು. ಕೊನೆಗೆ ಸೋರದೆ ನಿಂತದ್ದಕ್ಕೆ ಒಂದು ಸಣ್ಣ ಕೈಚಳಕ ಇದೆ, ಅದು ನನ್ನ ಹತ್ತಿರವೇ ಇರಲಿ. ಹೆಚ್ಚಿನವು ಲಿಂಫೋಸೈಟ್, ಒಂದು ಬಗೆಯ ಬಿಳಿ ರಕ್ತಕಣ. ಕಾಯಿಲೆಗೆ ಖಚಿತ ಹೆಸರು ಮೆದುಳಿನ ತುಂಡು ನೋಡಿದ ಮೇಲೆಯೇ, ಬದುಕಿರುವ ನಾಯಿಗೆ ಎಂಯುಒ (ಕಾರಣ ಗೊತ್ತಿಲ್ಲದ ಮೆದುಳಿನ ಉರಿಯೂತ) ಅಂತ ಬರೆದುಕೊಂಡು ಮುಂದೆ ಹೋಗಬೇಕು.

ಎಲ್ಲರೂ ನಕ್ಕಿದ್ದು ಔಷಧಿಗೆ. ಪ್ರೆಡ್ನಿಸೊಲೋನ್ ಕೆಜಿಗೆ 1 ಮಿ.ಗ್ರಾಂ ದಿನಕ್ಕೆರಡು ಸಲ, ಅದು ಸರಿ. ಜೊತೆಗೆ ಸೈಟರಬಿನ್ ಎಂಬ ಕ್ಯಾನ್ಸರ್ ಔಷಧಿ ಅಂದಾಗ "ಕೀಮೋ ಕೊಡ್ತೀಯಾ? ಅವರ ಮನೆ ಮಾರಿಸ್ತೀಯಾ?" ಅಂದರು. ಲೆಕ್ಕ ನೋಡಿ. ಚದರ ಮೀಟರ್‌ಗೆ 50 ಮಿ.ಗ್ರಾಂ, ಚಿನ್ನು ಮೈ 0.4 ಚದರ ಮೀಟರ್, ಅಂದರೆ ಒಂದು ಸಲಕ್ಕೆ 20. ಹನ್ನೆರಡು ಗಂಟೆಗೊಮ್ಮೆ ನಾಲ್ಕು ಸಲ ಚರ್ಮದಡಿ, ಒಟ್ಟು 80. 100ರ ಒಂದು ವಯಲ್ ಸಾಕು, ನನಗೆ ಮುನ್ನೂರು ರೂಪಾಯಿ ಆಸುಪಾಸಿಗೆ ಸಿಕ್ಕಿತು. ಮೂರು ವಾರಕ್ಕೊಂದು ಸುತ್ತು. ಶೆಟ್ರು ಚಿನ್ನು ತಿಂಡಿಗೆ ಅದಕ್ಕಿಂತ ಜಾಸ್ತಿ ಖರ್ಚು ಮಾಡುತ್ತಾರೆ! ಡಬಲ್ ಗ್ಲೌಸ್ ಕಡ್ಡಾಯ, ಮನೆಯಲ್ಲಿ ಬಸುರಿಯರಿದ್ದರೆ ನಾಯಿಯ ಉಚ್ಚೆ ಮುಟ್ಟಬಾರದು, ಹತ್ತು ಹನ್ನೆರಡು ದಿನಕ್ಕೆ ಸಿಬಿಸಿ (ರಕ್ತಕಣಗಳ ಎಣಿಕೆ).

ಫಿಟ್ಸ್‌ಗೆ ಲೆವೆಟಿರಾಸೆಟಮ್, ಮನುಷ್ಯರ ಸಿರಪ್. ಸಿರಪ್‌ನಲ್ಲಿ ಝೈಲಿಟಾಲ್ ಎಂಬ ಸಿಹಿಕಾರಕ ಇಲ್ಲ ಅಂತ ನೋಡಿಯೇ ಕೊಡಿ, ನಾಯಿಗೆ ಅದು ವಿಷ.

ನಡುವೆ ಒಂದು ಮಂಗಾಟ ಮಾಡಿದೆವು. ಎಂಸಿಟಿ ಎಣ್ಣೆ (ಚಿಕ್ಕ ಕೊಬ್ಬಿನಾಮ್ಲಗಳ ಎಣ್ಣೆ) ಫಿಟ್ಸ್‌ಗೆ ಒಳ್ಳೆಯದು ಅಂತ ನಾನು ಬಾಯಿ ತಪ್ಪಿ ಹೇಳಿದೆ. ಊರಿನ ತೆಂಗಿನೆಣ್ಣೆ ಇರುವಾಗ ಚಿಂತೆ ಯಾಕೆ ಅಂತ ಶೆಟ್ರ ಮನೆಯ ಅಮ್ಮಾವ್ರು ಚಿನ್ನು ಅನ್ನಕ್ಕೆ ಸುರಿದರು. ಮೂರು ದಿನ ಭೇದಿ. ತೆಂಗಿನೆಣ್ಣೆಯಲ್ಲಿ ಹೆಚ್ಚಿರುವುದು ಲಾರಿಕ್ ಆಮ್ಲ, ನಮಗೆ ಬೇಕಾದ ಚಿಕ್ಕ ಕೊಬ್ಬಿನಾಮ್ಲಗಳು ಸ್ವಲ್ಪವೇ. ಸುಮ್ನೆ ಹೊಟ್ಟೆ ಕೆಡಿಸಿದ ಹಾಗಾಯಿತು.

ಸೈಟರಬಿನ್‌ನ ಎರಡನೇ ಸುತ್ತಿನ ಹೊತ್ತಿಗೆ ಚಿನ್ನು ಒಂದೇ ದಿಕ್ಕಿಗೆ ತಿರುಗುವುದು ನಿಂತಿತು. ಈಗ ಸುತ್ತುಗಳ ಅಂತರ ಆರು ವಾರ, ಪ್ರೆಡ್ನಿಸೊಲೋನ್ ದಿನ ಬಿಟ್ಟು ದಿನ, ಎರಡು ಮೂರು ತಿಂಗಳಿಗೊಮ್ಮೆ ಒಂದು ಚಿಕ್ಕ ಫಿಟ್ಸ್. ಎಡವಿ ಬೀಳದೆ ಅಡುಗೆಮನೆ ಬಾಗಿಲಿಗೆ ಹೋಗಿ ಇಡ್ಲಿಗೆ ಕಾಯುತ್ತಾಳೆ. ಆಮೇಲೆ ಇನ್ನೂ ಆರು ನಾಯಿಗೆ ಹೀಗೇ ಮಾಡಿದೆ. ಮೂರು ಉಳಿದಿವೆ. ಹೋದ ಮೂರರಲ್ಲಿ ಎರಡು ಬಂದದ್ದೇ ಎದ್ದು ನಿಲ್ಲಲಾಗದ ಸ್ಥಿತಿಯಲ್ಲಿ.

ಮಲಗಿಸಿಬಿಡಿ ಅಂದಿದ್ದ ಹಿರಿಯರು ಮೊನ್ನೆ ಒಂದು ಮಾಲ್ಟೀಸ್ ನಾಯಿ ಕಳಿಸಿದ್ದಾರೆ. ಚೀಟಿಯಲ್ಲಿ "ಫಿಟ್ಸ್. ನೋಡಿ" ಅಂತ ಎರಡೇ ಪದ. ನಾಳೆ ರಾತ್ರಿ ಒಂದೂವರೆಗೆ ಸ್ಲಾಟ್ ಸಿಕ್ಕಿದೆ, ಮೈಕ್ರೋಸ್ಕೋಪ್ ಕಾರಿನಲ್ಲಿದೆ.