ಕಿವಿನೋವಿನ ಔಷಧಿ ನಡೆಯುವಾಗ ಮೈಮೇಲೆ ಕೆಂಪು ಗುಳ್ಳೆ ಎದ್ದರೆ

ಮಗುವಿನ ಕಿವಿನೋವಿಗೆ ಡಾಕ್ಟರು ಅಮಾಕ್ಸಿಸಿಲಿನ್ ಸಿರಪ್ ಬರೆದುಕೊಟ್ಟಿದ್ದಾರೆ. ಜ್ವರ ಬಿಟ್ಟಿದೆ, ಮಗು ಆಡಿಕೊಂಡಿದೆ. ಐದಾರನೇ ದಿನ ಸ್ನಾನಕ್ಕೆಂದು ಅಂಗಿ ಬಿಚ್ಚಿದರೆ ಹೊಟ್ಟೆ, ಬೆನ್ನ ಮೇಲೆಲ್ಲ ಕೆಂಪು ಚುಕ್ಕೆ. ‘ಔಷಧಿ ಒಗ್ಗಲಿಲ್ಲ’ ಎಂದು ಮನೆಯಲ್ಲಿ ತೀರ್ಪು ಬಂದೇಬಿಡುತ್ತದೆ. ಸ್ವಲ್ಪ ತಡೆಯಿರಿ.

ಮೊದಲು ಚುಕ್ಕೆ ಬಿಟ್ಟು ಮಗುವನ್ನು ನೋಡಿ. ಉಸಿರಾಡಲು ಕಷ್ಟವೇ? ತುಟಿ, ನಾಲಿಗೆ, ಮುಖ ಊದಿದೆಯೇ? ಮೇಲಿಂದ ಮೇಲೆ ವಾಂತಿಯೇ? ಹಾಗಿದ್ದರೆ ಮುಂದೆ ಓದಬೇಡಿ, 108ಕ್ಕೆ ಫೋನ್ ಮಾಡಿ. ಬಾಯಲ್ಲಿ ಹುಣ್ಣು, ಕೆಂಪಾದ ಕಣ್ಣು, ಸುಲಿಯುತ್ತಿರುವ ಚರ್ಮ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಪಾರದರ್ಶಕ ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಗಾಜಿನಡಿ ಬಣ್ಣ ಮಾಸದೆ ಹಾಗೇ ಉಳಿದರೆ, ಅದರಲ್ಲೂ ಜ್ವರವಿದ್ದರೆ, ಅದೂ ತುರ್ತೇ.

ಇವು ಯಾವುದೂ ಇಲ್ಲ ಅಂದ್ರೆ, ಯಾವಾಗ ಎದ್ದಿತು ಎಂದು ನೆನಪಿಸಿಕೊಳ್ಳಿ. ಔಷಧಿ ಕುಡಿದು ಒಂದೆರಡು ಗಂಟೆಯೊಳಗೆ ದದ್ದು ದದ್ದಾಗಿ ಗಂಧೆ ಎದ್ದು, ವಿಪರೀತ ತುರಿಸಿ, ಇಲ್ಲಿ ಇಳಿದು ಅಲ್ಲಿ ಏಳುತ್ತಿದ್ದರೆ ನಿಜವಾದ ಅಲರ್ಜಿಯ ಅನುಮಾನ ಜಾಸ್ತಿ. ಕೆಲವು ದಿನ ಕಳೆದ ಮೇಲೆ ಬರುವ, ಅಷ್ಟೇನೂ ತುರಿಸದ ಸಣ್ಣ ಚುಕ್ಕೆಗಳ ಕತೆ ಬೇರೆ. ಅಮಾಕ್ಸಿಸಿಲಿನ್ ಕುಡಿಯುವ ಮಕ್ಕಳಲ್ಲಿ ಇದು ಅಪರೂಪವಲ್ಲ. ಎಷ್ಟೋ ಸಲ ಅದು ಕಿವಿನೋವಿಗೂ ಕಾರಣವಾದ ವೈರಸ್ಸಿನ ಕೆಲಸ. ರೋಸಿಯೋಲಾ ಎಂಬ ಜ್ವರವಂತೂ ಮೂರ್ನಾಲ್ಕು ದಿನ ಜೋರಾಗಿ ಕಾದು, ಇಳಿದ ಮೇಲೆ ಚುಕ್ಕೆ ತೋರಿಸುತ್ತದೆ. ಅಷ್ಟರಲ್ಲಿ ಸಿರಪ್ ಶುರುವಾಗಿರುತ್ತದೆ, ಅಪವಾದ ಅದರ ತಲೆಗೆ.

ಎಲ್ಲಿ ಎದ್ದಿದೆ ಎಂಬುದೂ ಮುಖ್ಯ. ಕಿವಿಗೆ ಹನಿ ಹಾಕುತ್ತಿದ್ದೀರಾ? ಕಿವಿಹಾಲೆ ಮತ್ತು ಹನಿ ಸೋರುವ ದಾರಿಯಲ್ಲೇ ಚರ್ಮ ಕೆಂಪಾಗಿ, ತುರಿಸಿ, ನೀರೊಡೆಯುತ್ತಿದ್ದರೆ ಆ ಹನಿಯೇ ಕಾರಣವಿರಬಹುದು. ನಿಯೋಮೈಸಿನ್ ಇರುವ ಹನಿಗಳಿಗೆ ಈ ಕೆಟ್ಟ ಹೆಸರಿದೆ. ಔಷಧಿ ಹಾಕಿದಷ್ಟೂ ತುರಿಕೆ ಹೆಚ್ಚುತ್ತದೆ, ‘ಇನ್ನೂ ವಾಸಿಯಾಗಿಲ್ಲ’ ಎಂದು ನಾವು ಮತ್ತೆರಡು ಹನಿ ಬಿಡುತ್ತೇವೆ! ಅಜ್ಜಿ ಸುಮ್ನೆ ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ದರೆ ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೆಳ್ಳುಳ್ಳಿಯಿಂದಲೂ ಚರ್ಮ ಸುಡುತ್ತದೆ.

ಕಿವಿಯ ಹಿಂದೆ, ಕೂದಲಂಚಿನಲ್ಲಿ ಶುರುವಾಗಿ ಕೆಳಗಿಳಿಯುವ ಚುಕ್ಕೆ, ಜೊತೆಗೆ ಕೆಮ್ಮು, ನೆಗಡಿ, ಕೆಂಗಣ್ಣು ಇದ್ದರೆ ದಡಾರ ಇರಬಹುದು. ದಡಾರದಿಂದಲೇ ಕಿವಿ ಸೋಂಕೂ ಬರುತ್ತದೆ. ಲಸಿಕೆ ಕಾರ್ಡ್ ತೆಗೆದು ನೋಡಿ.

ದೊಡ್ಡವರಿಗೆ ಒಂದು ಮಾತು: ಕಿವಿಯೊಳಗೆ ಅಥವಾ ಸುತ್ತ ನೀರುಗುಳ್ಳೆ ಎದ್ದು, ಅದೇ ಬದಿಯ ಮುಖ ಸೊಟ್ಟಗಾದರೆ ಅದು ಕಿವಿಯ ಸರ್ಪಸುತ್ತು. ನಾಟಿ ಲೇಪ ಹಚ್ಚುತ್ತಾ ಕೂರಬೇಡಿ. ವೈರಸ್ ವಿರುದ್ಧದ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು.

ಇನ್ನು ಮಾಡಬೇಕಾದ್ದು: ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಹಗಲು ಬೆಳಕಿನಲ್ಲಿ ಚುಕ್ಕೆಗಳ ಫೋಟೋ ತೆಗೆಯಿರಿ, ಸಂಜೆಗೆ ಅವು ಮಾಯವಾಗಿರಬಹುದು. ಸಿರಪ್ ಬಾಟಲಿ, ಹನಿ, ಜ್ವರದ ಔಷಧಿ ಎಲ್ಲವನ್ನೂ ಜೊತೆಗೆ ಒಯ್ಯಿರಿ. ಅರಿಶಿನ, ಬೇವು ಹಚ್ಚಬೇಡಿ, ಗುರುತು ಮುಚ್ಚಿಹೋಗುತ್ತದೆ.

ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನದೇ ಔಷಧಿ. ‘ಪೆನಿಸಿಲಿನ್ ಆಗಿಬರಲ್ಲ’ ಎಂಬ ಹಣೆಪಟ್ಟಿ ಹೊತ್ತವರಲ್ಲಿ ಪರೀಕ್ಷೆ ಮಾಡಿದರೆ ಬಹುಪಾಲು ಜನರಿಗೆ ಅಲರ್ಜಿಯೇ ಇರುವುದಿಲ್ಲ. ಆದ್ದರಿಂದ ಫೈಲಿನಲ್ಲಿ ಬರೀ ‘ಅಲರ್ಜಿ’ ಎಂದಲ್ಲ, ಔಷಧಿಯ ಹೆಸರು, ಎಷ್ಟನೇ ದಿನ, ಎಂಥ ಗುಳ್ಳೆ ಎಂದು ಡಾಕ್ಟರಿಂದ ಬರೆಸಿಕೊಳ್ಳಿ.